ಪಾಠದಾಗ ಬಂದ ಕುಪವಾಡ

ಇಂಗ್ಲಿಷ್ ಎಂ.ಎ. ಯಾಕ ಮಾಡಿದಿ ಅಂತ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ನೆಟ್ಟಗೆ ಉತ್ತರ ಹೇಳಾಕ ಬರೂದಿಲ್ಲ. ಅಪ್ಪನಿಗೆ ಇದ್ದದ್ದು ಒಂದೇ ಲೆಕ್ಕ. ಕಬ್ಬು ಬೆಳೆದು ಉಗಾರ ಫ್ಯಾಕ್ಟರಿಗೆ ಕಳಿಸಿ, ಬಿಲ್ಲಿಗಾಗಿ ಕಾಯೋ ಬಾಳೇವು ನಮಗ ಸಾಕು, ಮಕ್ಕಳಾದರೂ ಇಂಗ್ಲಿಷ್ ಕಲಿತು ಎಲ್ಲಿಯಾದರೂ ಕಾಲೇಜಿನಾಗ ಮಾಸ್ತರಿಕಿ ಹಿಡಿಯಲಿ. ನಾನೂ ಹೂಂ ಅಂದೆ. ಕಾಗವಾಡದ ಕಡೆಯಿಂದ, ಹತ್ತನೇತ್ತಾ ತನಕ ಕನ್ನಡ ಶಾಲೆ ಕಲಿತು ಹೋದವರಿಗೆ ಇಂಗ್ಲಿಷ್ ಎಂ.ಎ. ಕ್ಲಾಸು ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಮೊದಲನೇ ಆರು ತಿಂಗಳು ನಾನು ಹಿಂದಿನ ಬೆಂಚಿನಾಗ ಬಾಯಿ ಮುಚ್ಚಿಕೊಂಡು ಕುಂತೆ.

ಇಂಗ್ಲಿಷ್ ಬರದಿದ್ದದ್ದು ಅಷ್ಟು ದೊಡ್ಡ ಅವಮಾನ ಅನ್ನಿಸಲಿಲ್ಲ. ಅದು ಬರೂದಿಲ್ಲ ಅಂತಲೇ ಕಲಿಯಾಕ ಹೋದದ್ದಲ್ಲ! ಆದರೆ ಹಾಸ್ಟೆಲಿನಾಗ ನನ್ನ ಕನ್ನಡಾನೂ ಕೆಟ್ಟದ್ದು ಅಂತ ಗೊತ್ತಾಯಿತು. ಒಂದು ಸಂಜೆ ಮೇಜಿನ ಮೇಲಿದ್ದ ಪುಸ್ತಕ ತೋರಿಸಿ, 'ಇದ ನಂದ ಪುಸ್ತಕ ಐತಿ' ಅಂದೆ. ದಕ್ಷಿಣದ ಕಡೆಯಿಂದ ಬಂದ ಸೀನಿಯರ್ ಒಬ್ಬರು ನಕ್ಕರು. 'ಅಲ್ಲಿ ಐತಿ ಯಾಕ್ರೀ ಬೇಕು? ಇದು ನನ್ನ ಪುಸ್ತಕ ಅಂದ್ರೆ ಮುಗೀತಲ್ಲ. ನೀವು ಮಾತಾಡೋದು ಕನ್ನಡ ಅಲ್ಲ, ಮರಾಠಿ ಟ್ರಾನ್ಸ್‌ಲೇಶನ್ನು.' ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆವತ್ತು ರಾತ್ರಿ ಹಾಸಿಗ್ಯಾಗ ಬಿದ್ದುಕೊಂಡು ನನ್ನ ಒಂದೊಂದೇ ವಾಕ್ಯ ತಿರುವಿ ನೋಡಿದೆ. ಅವರು ಹೇಳಿದ್ದು ಖರೇ ಇತ್ತು. ಮರಾಠಿಯವರು 'ಹೇ ಮಾಝಂ ಪುಸ್ತಕ ಆಹೆ' ಅಂತಾರೆ. ಆ 'ಆಹೆ'ಯ ಜಾಗದಾಗ ನಾನು 'ಐತಿ' ಇಟ್ಟಿದ್ದೆ.

ಹಂಗಂತ ಮರಾಠಿಯಾದರೂ ಸರಿ ಇತ್ತೇನು? ಅದೂ ಇಲ್ಲ. ಮೀರಜಿನ ಬೀಗರ ಮನೆಗೆ ಹೋದರೆ ಅಲ್ಲಿ ನಮ್ಮ ಮರಾಠಿಗೆ ನಗು. ಅವರ ಭಾಷೆಯಾಗ ಖುರ್ಚಿ ಹೆಣ್ಣು, ಪಂಖಾ ಗಂಡು, ಝಾಡ ಅಂದರೆ ಗಿಡ ನಪುಂಸಕ. ಜೀವ ಇಲ್ಲದ ಖುರ್ಚಿಗೆ ಯಾಕ ಹೆಣ್ತನ ಅಂತ ನಮ್ಮ ಆಯಿಗೆ ಸಾಯೋತನಕ ತಿಳಿಯಲಿಲ್ಲ. ಹಿಂಗ ಕನ್ನಡದವರ ಕಡೆ ಮರಾಠಿಯವರು, ಮರಾಠಿಯವರ ಕಡೆ ಕಾನಡಿಯವರು, ಇಂಗ್ಲಿಷಿನವರ ಕಡೆ ಲೆಕ್ಕಕ್ಕೇ ಇಲ್ಲದವರು. ಗಡಿ ಅಂದರೆ ನಕಾಶೆಯ ಮೇಲಿನ ಗೆರೆ ಅಂತ ತಿಳಿದಿದ್ದೆ. ಅದು ಬಾಯೊಳಗ ಇರತೈತಿ ಅಂತ ಹಾಸ್ಟೆಲಿನಾಗ ಗೊತ್ತಾಯಿತು.

*

ಎರಡನೇ ವರ್ಷ ಭಾಷಾವಿಜ್ಞಾನದ ಪೇಪರ್ ಇತ್ತು. ಅರ್ಧ ಮಂದಿಗೆ ಅದು ಬ್ಯಾಸರ. ನನಗೆ ಮಾತ್ರ ಅದೊಂದೇ ಪೇಪರು ನೀರು ಕುಡಿದಂಗ ಇಳಿಯಿತು, ಯಾಕಂದರೆ ಅಲ್ಲಿ ಯಾವ ಮಾತೂ ತಪ್ಪಲ್ಲ, ಎಲ್ಲಾ ಮಾತೂ ಒಂದೊಂದು ನಮೂನೆ ಅಷ್ಟೇ. ಪರೀಕ್ಷೆಗೆ ಓದಾಕ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದಿದ್ದೆ. ಭಾಷೆಗಳು ಒಂದಕ್ಕೊಂದು ತಾಗಿದಾಗ ಏನಾಗತೈತಿ ಅನ್ನುವ ಅಧ್ಯಾಯದಾಗ 'ಕುಪ್ವಾರ್' ಅಂತ ಒಂದು ಹಳ್ಳಿಯ ಹೆಸರು ಬಂತು. ಕಾಶ್ಮೀರದ ಕುಪ್ವಾರಾ ಇರಬೇಕು ಅಂತ ಮುಂದ ಓದಿದೆ. ಮುಂದಿನ ಸಾಲಿನಾಗ 'ಸಾಂಗ್ಲಿ ಜಿಲ್ಲೆ, ಮಹಾರಾಷ್ಟ್ರ' ಅಂತ ಇತ್ತು.

ನಾನು ಪುಸ್ತಕ ಮುಚ್ಚಿ ಮತ್ತೆ ತೆಗೆದೆ. ಕುಪವಾಡ! ನಮ್ಮ ಮಾಮಾ ಎಂ.ಐ.ಡಿ.ಸಿ.ಯಾಗ ಕೆಲಸ ಮಾಡುತ್ತಿದ್ದ ಕುಪವಾಡ. ಕಾಗವಾಡದಾಗ ಬಸ್ ಹತ್ತಿದರೆ ಮ್ಹೈಸಾಳ ದಾಟಿ ಮೀರಜ್, ಅಲ್ಲಿಂದ ಹತ್ತೇ ಹೆಜ್ಜೆ ಅನ್ನೋ ಹಂಗ ಇರೋ ಊರು. ಅದು ಇಂಗ್ಲಿಷ್ ಪುಸ್ತಕದಾಗ ಏನು ಮಾಡಾಕತ್ತೈತಿ?

ಕಥೆ ಹಿಂಗಿದೆ. ಜಾನ್ ಗಂಪರ್ಜ್ ಅಂತ ಒಬ್ಬ ಭಾಷಾವಿಜ್ಞಾನಿ. 1922ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಲದಾಗ ದೇಶ ಬಿಟ್ಟು ಅಮೆರಿಕಾ ಸೇರಿದವರು. ಮೊದಲು ಕಲಿತದ್ದು ರಸಾಯನಶಾಸ್ತ್ರ. ಆಮೇಲೆ ಅಮೆರಿಕಾದ ಮಿಶಿಗನ್ನಿಗೆ ವಲಸೆ ಬಂದಿದ್ದ ಜರ್ಮನ್ ರೈತರ ಆಡುನುಡಿಯ ಮೇಲೆ 1954ರಲ್ಲಿ ಪಿಎಚ್.ಡಿ. ಆಮೇಲೆ ಭಾರತಕ್ಕೆ ಬಂದು ಉತ್ತರಪ್ರದೇಶದ ಒಂದು ಹಳ್ಳಿ, ಪುಣೆಯ ಡೆಕ್ಕನ್ ಕಾಲೇಜು ಅಂತ ಅಡ್ಡಾಡಿದರು. ಅವರೂ ರಾಬರ್ಟ್ ವಿಲ್ಸನ್ ಅನ್ನುವವರೂ ಕೂಡಿ ಕುಪವಾಡದ ಮಾತಿನ ಮೇಲೆ ಒಂದು ಲೇಖನ ಬರೆದರು. 1968ರಲ್ಲಿ ಜಮೈಕಾದಾಗ ಒಂದು ಸಮ್ಮೇಳನ ನಡೆದಿತ್ತು. ಗುಲಾಮಗಿರಿಯ ಕಾಲದಾಗ ಕಬ್ಬಿನ ತೋಟಗಳಲ್ಲಿ ಹುಟ್ಟಿದ ಬೆರಕೆ ಭಾಷೆಗಳ ಬಗ್ಗೆ ಚರ್ಚೆ. ಆ ಸಮ್ಮೇಳನದಿಂದ ಹುಟ್ಟಿದ, ಡೆಲ್ ಹೈಮ್ಸ್ ಸಂಪಾದಿಸಿದ ಪುಸ್ತಕ 1971ರಲ್ಲಿ ಕೇಂಬ್ರಿಜಿನಿಂದ ಬಂತು. ಅದರೊಳಗ ಕೆರಿಬಿಯನ್ ದ್ವೀಪಗಳ ಸಾಲಿಗೆ ನಮ್ಮ ಕುಪವಾಡ ಹೋಗಿ ಕುಂತಿದೆ.

ಊರು ಆಗ ಮೂರು ಸಾವಿರದ ಸುಮಾರು ಜನದ್ದು. ಮಾತು ನಾಲ್ಕು. ಜೈನರು ಮತ್ತು ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ಭೂಮಿ ಇಲ್ಲದ ದಲಿತರು ಮರಾಠಿ, ಹಗ್ಗ ಹೊಸೆಯುವವರು ತೆಲುಗು. ಗಂಡಸರಿಗೆ ಕಡಿಮೆಯೆಂದರೂ ಎರಡು ಮಾತು ಬರುತ್ತಿದ್ದವು. ಕನ್ನಡ ಮರಾಠಿಗಳು ಆರುನೂರು ವರ್ಷಕ್ಕೂ ಹೆಚ್ಚು ಕಾಲ ಮಗ್ಗಲು ಮಗ್ಗಲಲ್ಲೇ ಬಾಳಿದ್ದವು. ಹಂಗ ಬಾಳಿ ಆದದ್ದೇನು ಅಂದರೆ, ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದವು, ವ್ಯಾಕರಣ ಮಾತ್ರ ಹೆಚ್ಚುಕಡಿಮೆ ಒಂದೇ ಆಯಿತು. ಒಂದು ಭಾಷೆಯ ವಾಕ್ಯದಾಗಿನ ಶಬ್ದ ಎತ್ತಿ, ಅದೇ ಜಾಗದಾಗ ಇನ್ನೊಂದು ಭಾಷೆಯ ಶಬ್ದ ಇಟ್ಟರೆ ಆ ಭಾಷೆಯ ಸರಿಯಾದ ವಾಕ್ಯ ತಯಾರ್!

ನಂಬಿಕೆ ಬರದಿದ್ದರೆ ನಮ್ಮ ಕಡೆಯ ಸಂತಿಗೆ ಬಂದು ಕೇಳ್ರಿ. ಕನ್ನಡದವ ಅಂತಾನ: 'ಬಜಾರಕ್ಕ ಹೋಗಿ ಬೆಲ್ಲ ತಗೊಂಡು ಬಂದೆ.' ಮರಾಠಿಯವ: 'ಬಾಜಾರಾಲಾ ಜಾಊನ ಗೂಳ ಘೇಊನ ಆಲೋ.' ದಖನಿ ಉರ್ದುವಿನವ: 'ಬಾಜಾರ್‌ಕು ಜಾಕೆ ಗುಡ್ ಲೇಕೆ ಆಯಾ.' ಬೆರಳು ಇಟ್ಟು ಎಣಿಸಿ ನೋಡ್ರಿ. ಬಜಾರಕ್ಕ, ಹೋಗಿ, ಬೆಲ್ಲ, ತಗೊಂಡು, ಬಂದೆ. ಮೂರರಾಗೂ ಐದೇ ಶಬ್ದ, ಐದೂ ಅದೇ ಸಾಲಿನಾಗ. ಇಂಗ್ಲಿಷಿಗೆ ಇದನ್ನ ಒಯ್ಯಾಕ ಹೋದರೆ ವಾಕ್ಯ ತಲೆಕೆಳಗ ಆಗತೈತಿ. ನಾವು 'ಬರ್ತೀನಿ ಅಂತ ಹೇಳಿದ' ಅಂತೀವಿ. ಮರಾಠಿಯ 'ಮ್ಹಣೂನ', ದಖನಿಯ 'ಬೋಲ್‌ಕೆ' ಎರಡೂ ನಮ್ಮ 'ಅಂತ'ದ ಜಾಗದಾಗೇ ಬಂದು ಕೂಡತಾವ. ದಿಲ್ಲಿಯ ಉರ್ದುವಿನವರಿಗೆ ಆ 'ಬೋಲ್‌ಕೆ' ಕೇಳಿದರೆ ನಗು ಬರತೈತಿ. ಪಾಪ, ಅವರಿಗೂ ಒಬ್ಬ ಸೀನಿಯರ್ ಇರಬೇಕು.

ಲೇಖನದಾಗ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಕುಪವಾಡದ ಮರಾಠಿಯೂ ಉರ್ದುವೂ ವಸ್ತುಗಳಿಗೆ ಗಂಡು ಹೆಣ್ಣು ಹಚ್ಚೋದನ್ನ ಬಿಟ್ಟು ಕನ್ನಡದ ಲೆಕ್ಕಕ್ಕೆ ಬಂದಿದ್ದವು. ಮನುಷ್ಯರಲ್ಲಿ ಗಂಡು ಗಂಡೇ, ಹೆಣ್ಣು ಹೆಣ್ಣೇ, ಉಳಿದದ್ದೆಲ್ಲಾ ಒಂದೇ ಗುಂಪು. ಅಂದರೆ ನಮ್ಮ ಆಯಿಯ ಖುರ್ಚಿ! ಎರಡನೇದು, ಕುಪವಾಡದ ಕನ್ನಡದವರು 'ಇದು ನಿಮ್ಮ ಮನೆ' ಅನ್ನೋದಿಲ್ಲ, ಮರಾಠಿಯವರಂಗ ಕಡೀಕ ಒಂದು 'ಐತಿ' ಸೇರಿಸತಾರ. ನಾನು ಓದಿದ್ದನ್ನೇ ಮತ್ತೆ ಓದಿದೆ. ಹಾಸ್ಟೆಲಿನಾಗ ಮಂದಿ ನಕ್ಕಿದ್ದ 'ಐತಿ', ಅದೇ ಐತಿ, ಕೇಂಬ್ರಿಜಿನ ಪುಸ್ತಕದಾಗ ಉದಾಹರಣೆಯಾಗಿ ನಿಂತಿತ್ತು. ಆವತ್ತು ಊಟದ ಹಾಲಿನಾಗ ನಾನು ಬೇಕಂತಲೇ ಜೋರಾಗಿ 'ಇದ ನಂದ ತಾಟ ಐತಿ' ಅಂದೆ.

*

ಇದು ಆಕಸ್ಮಿಕ ಅಂತ ತಿಳೀಬ್ಯಾಡ್ರಿ. ನಮ್ಮ ಭಾಗದ ಮಾತಿನ ಚರಿತ್ರೆಯೇ ಹಂಗಿದೆ. 1956ರ ನವೆಂಬರ್ 1ರ ತನಕ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಾಗಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ತಾಲೂಕುಗಳು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಮೀರಜ್, ಸಾಂಗ್ಲಿ, ಕುರುಂದವಾಡದ ಪಟವರ್ಧನರ ಜಹಗೀರುಗಳು ನಡುನಡುವೆ. ಯಾವ ಊರು ಯಾರ ಸರಕಾರದ್ದು ಅಂತ ತಿಳಿಯಬೇಕಾದರೆ ಕಂದಾಯ ಯಾರಿಗೆ ಕಟ್ಟತೀರಿ ಅಂತ ಕೇಳಬೇಕಿತ್ತು, ಮಾತಿನಿಂದ ಗೊತ್ತಾಗುತ್ತಿರಲಿಲ್ಲ. 1967ರಲ್ಲಿ ಬಂದ ಮಹಾಜನ ವರದಿ ನಿಪ್ಪಾಣಿಯನ್ನು ಅತ್ತ ಕೊಡ್ರಿ, ಜತ್ತವನ್ನು ಇತ್ತ ತಗೋರಿ ಅಂದಿತು. ಯಾವುದೂ ಅಲುಗಲಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯಾಗ ಬೀಡಿ ಕಟ್ಟುವ ಹೆಣ್ಣುಮಕ್ಕಳು ಎರಡೂ ಮಾತು ಆಡಿಕೊಂಡೇ ಇದ್ದರು.

ಶಾಲೆಯ ಚರಿತ್ರೆಯೂ ಅಷ್ಟೇ. ಮುಂಬೈ ಸರಕಾರ ಮೊದಲು ಈ ಕನ್ನಡ ಜಿಲ್ಲೆಗಳಲ್ಲಿ ತೆಗೆದ ಶಾಲೆಗಳು ಬಹುಪಾಲು ಮರಾಠಿ ಶಾಲೆಗಳು. 1860ರ ದಶಕದಾಗ ಅವನ್ನು ಕನ್ನಡ ಶಾಲೆ ಮಾಡಾಕ ದುಡಿದವರು ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು. ಅವರು ಇಂಗ್ಲಿಷನ್ನು ಚೆನ್ನಾಗಿ ಕಲಿತವರು, ಶೇಕ್ಸ್‌ಪಿಯರನ ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೆ ತಂದವರು. ಇದನ್ನ ನೆನಪಿನಾಗ ಇಟ್ಟುಕೊಳ್ರಿ. ನಮ್ಮ ಕಡೆ ಇಂಗ್ಲಿಷ್ ಕಲಿತವರು ಕನ್ನಡಕ್ಕೆ ತಿರುಗಿ ಬರೋ ದಾರಿ ಅಷ್ಟು ಹಳೇದು.

ಆಮೇಲೆ 1919ರಲ್ಲಿ ಸಾಂಗ್ಲಿಗೆ ವಿಲಿಂಗ್ಡನ್ ಕಾಲೇಜು ಬಂತು. ಕೊಲ್ಹಾಪುರದಾಗ ರಾಜಾರಾಮ ಕಾಲೇಜು ಅದಕ್ಕಿಂತ ಮೊದಲೇ ಇತ್ತು. ವಿಲಿಂಗ್ಡನ್ನಿನಲ್ಲಿ ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು, ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು. ಆಕ್ಸ್‌ಫರ್ಡಿನಾಗ ಇಂಗ್ಲಿಷ್ ಓದಿದ ಗೋಕಾಕರು ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ದೇಶದ ಇಂಗ್ಲಿಷ್ ಮಾಸ್ತರರಿಗೆ ಧ್ವನಿಶಾಸ್ತ್ರ ಕಲಿಸಿದ ಸಂಸ್ಥೆ ಅದು. ಅದೇ ಗೋಕಾಕರು 1981ರಲ್ಲಿ ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ ವರದಿ ಕೊಟ್ಟರು. ಎ.ಕೆ. ರಾಮಾನುಜನ್ 1950ರ ದಶಕದಾಗ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರು. ಕ್ಲಾಸು ಮುಗಿಸಿ ಅಜ್ಜಿಯರ ಕಥೆ ಬರೆದುಕೊಳ್ಳುತ್ತಿದ್ದರು. ಆಮೇಲೆ ಡೆಕ್ಕನ್ ಕಾಲೇಜಿಗೆ ಹೋಗಿ ಭಾಷಾವಿಜ್ಞಾನ ಕಲಿತು, ಅಮೆರಿಕಾದ ಇಂಡಿಯಾನಾದಾಗ 1963ರಲ್ಲಿ ಪಿಎಚ್.ಡಿ. ಪಡೆದರು. ವಿಷಯ ಕನ್ನಡದ ವ್ಯಾಕರಣ.

ನಮ್ಮವರೇ ಅಂತ ಎದೆಯುಬ್ಬಿಸಿ ಹೇಳಬೇಕಾದವರು ಇನ್ನೊಬ್ಬರಿದ್ದಾರೆ. ಚಿಕ್ಕೋಡಿ ತಾಲೂಕಿನ ಸದಲಗಾದ ಆ.ನೇ. ಉಪಾಧ್ಯೆ. 1906ರಲ್ಲಿ ಹುಟ್ಟಿದವರು. ಕನ್ನಡದ ಮನೆ, ಮುಂಬೈ ವಿಶ್ವವಿದ್ಯಾಲಯದ ಎಂ.ಎ., ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕ ಹುದ್ದೆ, ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಪ್ರಾಕೃತದ ನಿಘಂಟುಗಳೊಳಗ ಕನ್ನಡದ ಶಬ್ದ ಹೊಕ್ಕಿರೋದನ್ನ ಹುಡುಕಿ ತೋರಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸದಲಗಾದ ಮಾತಿನಾಗ ಮರಾಠಿ ಎಷ್ಟೈತಿ ಅಂತ ಆವತ್ತು ಯಾರೂ ಕೇಳಿರಲಿಕ್ಕಿಲ್ಲ.

*

ಇಲ್ಲಿಗೆ ಮುಗಿಸಿದ್ದರೆ ಇದೊಂದು ಚಲೋ ಅಭಿಮಾನದ ಲೇಖನ ಆಗುತ್ತಿತ್ತು. ನಾನು ಬಹಳ ವರ್ಷ ಹಂಗೇ ಹೇಳಿಕೊಂಡು ತಿರುಗಿದೆ. ನಾಲ್ಕು ಮಾತು, ಒಂದು ವ್ಯಾಕರಣ, ನೋಡ್ರಿ ನಮ್ಮ ಸೌಹಾರ್ದ! ಭಾಷಣಕ್ಕೆ ಕರೆದಲ್ಲೆಲ್ಲಾ ಇದೇ ಮಾತು, ಇದೇ ಚಪ್ಪಾಳೆ.

ಒಂದು ಸಲ ಪಾಠ ಮಾಡಾಕ ಅಂತ ಮೂಲ ಲೇಖನವನ್ನೇ ತರಿಸಿ ಪೂರ್ತಿ ಓದಿದೆ. ಪಠ್ಯಪುಸ್ತಕದವರು ಎರಡು ಪುಟಕ್ಕೆ ಇಳಿಸಿದಾಗ ಬಿಟ್ಟಿದ್ದೇನು ಅಂತ ಆವತ್ತು ಗೊತ್ತಾಯಿತು. ಗಂಪರ್ಜ್ ಮತ್ತು ವಿಲ್ಸನ್ ಒಂದು ಪ್ರಶ್ನೆ ಕೇಳಿದ್ದರು. ವ್ಯಾಕರಣ ಇಷ್ಟು ಒಂದಾದ ಮೇಲೆ, ಊರಿನವರು ಒಂದೇ ಭಾಷೆಗೆ ಯಾಕ ಬರಲಿಲ್ಲ? ನೂರಾರು ವರ್ಷ ನಾಲ್ಕು ಮಾತು ಯಾಕ ಉಳಿದವು? ಅವರ ಉತ್ತರ ಮನೆಯ ಬಾಗಿಲದಾಗಿತ್ತು. ಹೊಲದಾಗ, ಸಂತ್ಯಾಗ, ಚಾವಡಿಯಾಗ ಎಲ್ಲರೂ ಕೂಡತಾರೆ, ಮಾತು ಬೆರೆಯತೈತಿ. ಮನೆಯೊಳಗ ಮಾತ್ರ ಒಂದೊಂದು ಜಾತಿ ಬೇರೆ. ಮದುವಿ ಇಲ್ಲ, ಪಂಕ್ತಿ ಇಲ್ಲ, ಒಳಗ ಕರೆಯೂದಿಲ್ಲ. ಮನೆಮಾತು ಯಾವುದು ಅನ್ನೋದೇ ನೀನು ಯಾರು ಅನ್ನೋ ಗುರುತು. ಹಂಗಾಗಿ ಶಬ್ದ ಬೇರೆ ಉಳಿದವು. ಬ್ಯಾರೆ ಬ್ಯಾರೆ ಗುಂಪಿನವರು ಕೂಡಿದಾಗ ಮರಾಠಿ ಆಡುತ್ತಿದ್ದರಂತೆ, ಯಾಕಂದರೆ ಹೊಲದ ಒಡೆಯರ ಮನೆಮಾತು ಅದಲ್ಲ, ಅದು ಎಲ್ಲರಿಗೂ ನಡುವಿನ ಮಾತು.

ಅಂದರೆ ನಾನು ಸೌಹಾರ್ದ ಅಂತ ಹೊಗಳುತ್ತಿದ್ದದ್ದು ಅರ್ಧ ಗ್ವಾಡಿಯ ಕೆಲಸ. ಬಯಲು ವ್ಯಾಕರಣವನ್ನು ಕೂಡಿಸಿತು, ಗ್ವಾಡಿ ಶಬ್ದಗಳನ್ನು ಬೇರೆ ಇಟ್ಟಿತು.

ಮತ್ತೆ ಆ ಗ್ವಾಡಿ ಯಾರದು? ನಮ್ಮದು ಜೈನ ಒಕ್ಕಲುತನದ ಮನೆ. ಆ ಲೇಖನದಾಗ ಭೂಮಿ ಹಿಡಿದವರು ಅಂತ ಇರೋರು ನಾವೇ, ನಮ್ಮಂಥವರೇ. ಸಣ್ಣವರಿದ್ದಾಗ ನನ್ನ ಓರಿಗೆಯ ಗೆಳೆಯನೊಬ್ಬ ನಮ್ಮ ಹೊಲಕ್ಕೆ ಅವರವ್ವನ ಜೋಡಿ ಬರುತ್ತಿದ್ದ. ಮನ್ಯಾಗ ಮರಾಠಿ ಆಡುವ ದಲಿತ ಕುಟುಂಬ. ಬಾಂದಿನ ಮ್ಯಾಲೆ ಕುಂತು ನಾವು ಎರಡೂ ಮಾತು ಕಲಸಿ ಮಾತಾಡುತ್ತಿದ್ದೆವು, ಎಲ್ಲಿ ಕನ್ನಡ ಮುಗೀತು ಎಲ್ಲಿ ಮರಾಠಿ ಹತ್ತಿತು ಅಂತ ನಮಗೇ ಗೊತ್ತಿರಲಿಲ್ಲ. ಅವನು ನಮ್ಮ ಮನೆಗೆ ಬಂದರೆ ಕಟ್ಟಿಯ ಕೆಳಗ ನಿಲ್ಲುತ್ತಿದ್ದ. ಆಯಿ ನೀರನ್ನು ಮೇಲಿನಿಂದ ಬೊಗಸಿಗೆ ಹಾಕುತ್ತಿದ್ದಳು. ಅವರ ಮನಿ ಒಳಗ ನಾನು ಒಮ್ಮೆಯೂ ಹೋಗಲಿಲ್ಲ. ಅವರು ಅಡಗಿ ಮನ್ಯಾಗ ಉಪ್ಪಿಗೆ, ಒಲಿಗೆ, ಒರಳಿಗೆ ಏನಂತಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ವಾಕ್ಯದ ಕಡೀಕ ಇರೋ 'ಐತಿ' ಅವನಂಥವರಿಂದ ಬಂದದ್ದು. ಅದನ್ನ ಮಾತ್ರ ನಾವು ಒಳಗ ಬಿಟ್ಟುಕೊಂಡಿದ್ದೆವು.

ಇದನ್ನ ಓದಿದ ಮೇಲೆ ಆ ಭಾಷಣ ಮಾಡಾಕ ನನಗೆ ಬಾಯಿ ಬರಲಿಲ್ಲ.

*

ಆ ಕುಪವಾಡ ಈಗ ಹಂಗ ಉಳಿದಿಲ್ಲ. ಸಾಂಗ್ಲಿ-ಮೀರಜ್-ಕುಪವಾಡ ಮಹಾನಗರಪಾಲಿಕೆಯ ಒಂದು ಭಾಗ ಅದು. ಹೊಲ ಇದ್ದಲ್ಲಿ ಕಾರಖಾನೆ ಬಂದಿವೆ. ಡೆಕ್ಕನ್ ಕಾಲೇಜಿನ ಭಾಷಾವಿಜ್ಞಾನಿ ಸೋನಲ್ ಕುಲಕರ್ಣಿ-ಜೋಶಿ ಅವರು ನಾಲ್ವತ್ತು ವರ್ಷಗಳ ನಂತರ ಮತ್ತೆ ಆ ಊರಿಗೆ ಹೋಗಿ ನೋಡಿದರು. ಶಬ್ದಕ್ಕೆ ಶಬ್ದ ಇಟ್ಟರೆ ವಾಕ್ಯ ಆಗತೈತಿ ಅನ್ನೋ ಹಳೇ ಲೆಕ್ಕವನ್ನು ಅವರು ಒರೆಗೆ ಹಚ್ಚಿದರು. ಅದು ಅಷ್ಟು ಸಲೀಸಲ್ಲ, ಮತ್ತು ಮರಾಠಿಯ ಕಡೆಯ ವಾಲಿಕೆ ಜೋರಾಗಿದೆ ಅಂತ ತೋರಿಸಿದರು. ಶಾಲೆ ಮರಾಠಿ, ಕಚೇರಿ ಮರಾಠಿ, ಟಿ.ವಿ. ಮರಾಠಿ. ಇತ್ತ ಕಡೆ ನಮ್ಮಲ್ಲಿ ಅದೇ ಕೆಲಸ ಕನ್ನಡ ಮಾಡಾಕತ್ತೈತಿ. ಕಾಗವಾಡ, ನಿಪ್ಪಾಣಿ ಈಗ ಸ್ವಂತ ತಾಲೂಕುಗಳು. ಗೆರೆಯ ಎರಡೂ ಕಡೆ ಮಾತು ಸ್ವಚ್ಛ ಆಗಾಕತ್ತಾವ. ಗ್ವಾಡಿ ಬಿದ್ದು ಭಾಷೆ ಒಂದಾಗಿದ್ದರೆ ನಾನು ಸಂತೋಷ ಪಡುತ್ತಿದ್ದೆ. ಗ್ವಾಡಿ ಅಲ್ಲೇ ಇದೆ, ಬಾಂದಿನ ಮೇಲೆ ಕುಂತು ಮಾತಾಡೋರು ಕಡಿಮೆ ಆದರು.

ನಮ್ಮ ಮನೆಯ ಸುದ್ದಿಯೂ ಹೇಳಿಬಿಡತೀನಿ. ತಮ್ಮನ ಮಗಳು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗತಾಳ. ಅವ್ವ ಕನ್ನಡದಾಗ ಮಾತಾಡಿಸಿದರೆ ಅಕಿಗೆ ಎಲ್ಲಾ ತಿಳಿಯತೈತಿ, ಉತ್ತರ ಮಾತ್ರ ಇಂಗ್ಲಿಷಿನಾಗ ಕೊಡತಾಳ. ಅವ್ವ ನನ್ನ ಕಡೆ ನೋಡಿ, 'ನೀ ಇಂಗ್ಲಿಷ್ ಕಲಿತಾಕಿ ಅಲಾ, ಅಕಿ ಏನಂದ್ಲು ಹೇಳ' ಅಂತ ಕೇಳತಾಳ. ಇಷ್ಟು ವರ್ಷ ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ಕಲಿತು ಕಲಿಸಿ, ಕಡೀಕ ನಮ್ಮ ಪಡಸಾಲ್ಯಾಗ ಅಜ್ಜಿ ಮೊಮ್ಮಗಳ ನಡುವೆ ದುಭಾಷಿಯಾಗಿ ಕೂಡೋ ಪಾಳಿ ನನಗೆ ಬಂತು. ಆರುನೂರು ವರ್ಷ ಮಗ್ಗಲಾಗಿದ್ದ ಮರಾಠಿ ನಮ್ಮ ಮನೆಮಾತನ್ನು ತೆಗೆಯಲಿಲ್ಲ. ಅಪ್ಪ ಆಸೆಪಟ್ಟು ಕಲಿಸಿದ ಇಂಗ್ಲಿಷ್ ಎರಡೇ ತಲೆಮಾರಿನಾಗ ಬಾಗಿಲು ದಾಟಿ ಒಲೀತನಕ ಬಂದಿದೆ, ಮತ್ತು ಅದನ್ನ ಒಳಗ ಕರೆದವರೊಳಗ ನಾನೂ ಒಬ್ಬಾಕಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಆ ಹುಡುಗಿ ತನ್ನ ಹೊಸಾ ಸೈಕಲ್ ತೋರಿಸಿದಳು. ಅಜ್ಜಿ ಕಟ್ಟಿಯ ಮೇಲೆ ಕುಂತಿದ್ದಳು. ಅಕಿಗೆ ತಿಳಿಯಲಿ ಅಂತ ಇರಬೇಕು, ಹುಡುಗಿ ಸ್ವಲ್ಪ ತಡೆದು, ಶಬ್ದ ಹುಡುಕಿ ಹುಡುಕಿ, 'ಆಯಿ, ಇದ ನಂದ ಸೈಕಲ್ ಐತಿ' ಅಂದಳು.

ಶಾಲ್ಯಾಗ ಈ ವಾಕ್ಯ ತಿದ್ದುವವರು ಇದ್ದೇ ಇರತಾರ. ನಾನು ತಿದ್ದಲಿಲ್ಲ. ನೀವು ಗಡಿಯ ಕಡೆಯವರಾದರೆ ಒಂದು ಕೆಲಸ ಮಾಡ್ರಿ. ನಿಮ್ಮ ಮನೆಯ ಹಿರಿಯರ ಹತ್ತು ವಾಕ್ಯ ಬರೆದಿಟ್ಟುಕೊಳ್ರಿ. ಆಮೇಲೆ ಮಗ್ಗಲ ಓಣಿಗೆ ಹೋಗಿ, ಇಷ್ಟು ದಿನ ಹೋಗದ ಮನೆಯ ಬಾಗಿಲು ಬಡಿದು, ಅವೇ ಹತ್ತು ವಾಕ್ಯ ಅವರ ಮಾತಿನಾಗ ಹೆಂಗ ಹೇಳತಾರ ಅಂತ ಕೇಳ್ರಿ. ಒಳಗ ಕರೆದರೆ ಕುಂತು, ಚಹಾ ಕುಡಿದು ಬರ್ರಿ. ನಾನು ಈ ಮೇ ತಿಂಗಳು ಹೋಗಬೇಕು ಅಂತ ಮಾಡೀನಿ. ಆ ಗೆಳೆಯ ಈಗ ಮೀರಜಿನಾಗ ಇದ್ದಾನಂತ, ಮನಿ ಎಲ್ಲಿ ಅಂತ ಮಾತ್ರ ಕೇಳಿಕೊಳ್ಳಬೇಕು.